ಆರು ರೂಟು, ಮೂವತ್ತೊಂದು ಡಬ್ಬಿ

ಮಾರ್ಚ್ 11

ಇವತ್ತು ನನ್ನ ಗಂಡನನ್ನು, ಆ ಮುದುಕನನ್ನು, ಆಸ್ಪತ್ರೆಯಿಂದ ಮನೆಗೆ ಕರೆತಂದೆ. ಲಾಟೀನು ಹಬ್ಬದ ಮರುದಿನ ನಮ್ಮ ಚಹಾ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಬಿದ್ದಿದ್ದವನು, ಇಪ್ಪತ್ತೆರಡು ದಿನದ ಮೇಲೆ ಕೋಲೂರಿಕೊಂಡು ಅದೇ ಮೆಟ್ಟಿಲು ಹತ್ತಿದ. ಬಲಗೈ ಇನ್ನೂ ಜೋತಾಡುತ್ತದೆ. ಕಾಲು ಪರವಾಗಿಲ್ಲ. ತಲೆಯೊಳಗೆ ಎಲ್ಲ ಸರಿಯಾಗಿದೆ, ಮಾತು ಮಾತ್ರ ಹೊರಗೆ ಬರುತ್ತಿಲ್ಲ ಎಂದರು ಡಾಕ್ಟರಮ್ಮ. ಒಂದೇ ಒಂದು ಮಾತು ಬರುತ್ತದೆ: "ಛತ್ರಿ."

ಹಸಿವಾದರೆ ಛತ್ರಿ. ದಿಂಬು ಸರಿ ಮಾಡು ಎನ್ನುವುದಕ್ಕೂ ಛತ್ರಿ. ನನ್ನ ಹೆಸರು ಸುಯುನ್ ಎನ್ನುವುದು ಮೊದಲೇ ಅವನ ಬಾಯಲ್ಲಿ ಅಪರೂಪ, ಈಗ ನಾನೂ ಛತ್ರಿ. ನೋಡಲು ಬಂದ ಪಕ್ಕದ ರೊಟ್ಟಿ ಅಂಗಡಿಯ ಹು ಅವರನ್ನು ಕಂಡೂ ಛತ್ರಿ ಎಂದ. ಅದೊಂದನ್ನು ಸರಿಯಾಗಿಯೇ ಹೇಳಿದ.

ದಿನಾ ಏನು ಮಾತಾಡಿದರು ಬರೆದಿಡಿ ಎಂದಿದ್ದಾರೆ ಡಾಕ್ಟರಮ್ಮ. ನಾನು ಕಂಡಕ್ಟರ್ ಆಗಿದ್ದಾಗ ಬಸ್ ಡಿಪೋದವರು ಕೊಟ್ಟಿದ್ದ ಟ್ರಿಪ್ ಪುಸ್ತಕ ಒಂದು ಖಾಲಿ ಉಳಿದಿತ್ತು. ಇವತ್ತಿನದು: ಛತ್ರಿ, ನಲವತ್ತೊಂದು ಸಲ. ಬೇರೆ ಏನೂ ಇಲ್ಲ.

ಮಾರ್ಚ್ 13

ಅಂಗಡಿ ತೆರೆದೆ. ನನಗೇನೂ ಆಸೆ ಇರಲಿಲ್ಲ. ಬೀಗ ಹಾಕಿದ ಬಾಗಿಲು ನೋಡಿ ನೋಡಿ ಮುದುಕ ಬೆಳಗ್ಗೆಯಿಂದ ಪ್ರಾಣ ತಿಂದ.

ನನಗೂ ಚಹಾಕ್ಕೂ ಮೂವತ್ತನಾಲ್ಕು ವರ್ಷದಿಂದ ಸವತಿಯರ ಸಂಬಂಧ. ಅವನು ಎದ್ದ ಕೂಡಲೇ ನೋಡುತ್ತಿದ್ದದ್ದು ಅದರ ಮುಖವನ್ನು. ನಾನು ಇಡೀ ದಿನ ಬಸ್ಸಿನಲ್ಲಿ ಟಿಕೆಟ್ ಹರಿದು ಬಂದು, ಫ್ಲಾಸ್ಕಿನ ಬಿಸಿನೀರು ಕುಡಿದು ಮಲಗುತ್ತಿದ್ದೆ. ಸೊಪ್ಪು ನೆನೆಸಿದ ನೀರಿಗೆ ಇಷ್ಟೊಂದು ಮರ್ಯಾದೆ ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದ.

ಕಪಾಟಿನಲ್ಲಿ ಮೂವತ್ತೊಂದು ಡಬ್ಬಿಗಳಿವೆ. ಎಲ್ಲವೂ ಕರಿ, ಎಲ್ಲವೂ ಒಂದೇ ಅಳತೆ, ಒಂದರ ಮೇಲೂ ಹೆಸರಿಲ್ಲ. ಮೂಗಿಲ್ಲದವರು ಡಬ್ಬಿ ಮುಟ್ಟಬಾರದು ಎನ್ನುವುದು ಅವನ ನಿಯಮ. ಈಗ ಅವನಿಗೆ ಮೂಗಿದೆ, ಬಾಯಿಲ್ಲ. ನನಗೆ ಬಾಯಿದೆ, ಮೂಗಿಲ್ಲ.

ಮೊದಲ ಗಿರಾಕಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು. ಮಾವನಿಗೆ ಚೀಮನ್ ಕೆಂಪು ಚಹಾ ಬೇಕು ಎಂದಳು. ಕೆಂಪು ಎಂದರೆ ನೀರಿಗೆ ಬಿದ್ದಾಗ ಕೆಂಪು, ಒಣಗಿದ್ದಾಗ ಕಪ್ಪು ಎನ್ನುವಷ್ಟು ನನಗೂ ಗೊತ್ತು. ಕಪ್ಪಗಿದ್ದ ಒಂದನ್ನು ಕಟ್ಟಿಕೊಟ್ಟೆ.

ಮಾರ್ಚ್ 15

ಬ್ಯಾಂಕಿನ ಹೆಂಗಸು ವಾಪಸ್ ಬಂದಳು. "ಅಕ್ಕಾ, ಹಳೇ ಮರದ ಪೆಟ್ಟಿಗೆ ತೊಳೆದ ನೀರಿನ ಹಾಗಿದೆ ಅಂದ್ರು ನಮ್ಮ ಮಾವ." ಅಷ್ಟರಲ್ಲಿ ನನ್ನ ನಾದಿನಿ ಲಿಂಗ್‌ಹುವಾ ಒಳಗೆ ಬಂದಳು. ಪೊಟ್ಟಣ ಮೂಗಿನ ಹತ್ತಿರಕ್ಕೂ ಒಯ್ಯಲಿಲ್ಲ, ದೂರದಿಂದಲೇ ಹೇಳಿದಳು: "ಇದು ಬುಟ್ಟಿಯಲ್ಲಿ ಮಾಗಿಸಿದ ಕರಿ ಚಹಾ. ಹತ್ತು ವರ್ಷದ್ದು. ಚೀಮನ್ ಅಂತೆ ಚೀಮನ್!"

"ಆದ್ರೆ ಅಕ್ಕಾ," ಎಂದಳು ಬ್ಯಾಂಕಿನವಳು, "ಅದನ್ನ ಕುಡಿದ ದಿನ ಮಾವನಿಗೆ ಹೊಟ್ಟೆ ಉಬ್ಬರ ಇಲ್ಲ, ಗೊಣಗಾಟ ಇಲ್ಲ. ಅದನ್ನೇ ಇನ್ನೊಂದು ಪೊಟ್ಟಣ ಕೊಡಿ."

ಯಾವ ಡಬ್ಬಿಯಿಂದ ತೆಗೆದಿದ್ದೆನೋ ನನಗೆ ನೆನಪಿರಲಿಲ್ಲ. ಲಿಂಗ್‌ಹುವಾ ನೇರ ಹೋಗಿ ಎರಡನೇ ಸಾಲಿನ ಕೊನೆಯ ಡಬ್ಬಿ ತೆಗೆದಳು. ನನಗೆ ಮೈಯೆಲ್ಲ ಉರಿಯಿತು.

ಗಿರಾಕಿ ಹೋದ ಮೇಲೆ ಕೈ ಚಾಚಿದಳು. "ಅತ್ತಿಗೆ, ಬೀಗದ ಕೈ ಕೊಡಿ. ಅಣ್ಣನ ಆರೈಕೆ ನೀವು ನೋಡ್ಕೊಳ್ಳಿ, ಅಂಗಡಿ ನಾನು ನೋಡ್ಕೋತೀನಿ. ಟಿಕೆಟ್ ಹರಿದ ಕೈಗೆ ಎಲೆ ಕೊಟ್ರೆ ಅದನ್ನೂ ಹರಿದು ಹಾಕ್ತೀರಿ."

"ಗಂಡನ ಟೈಲ್ಸ್ ಅಂಗಡೀಲಿ ಕಕ್ಕಸಿನ ಬೇಸಿನ್ ಮಾರೋಳು ನನಗೆ ಹೇಳ್ಕೊಡ್ತೀಯಾ?"

"ಬೇಸಿನ್‌ಗೂ ಹೆಸರು ಬರೆದಿರ್ತೀವಿ ಅತ್ತಿಗೆ."

ಮುದುಕ ಕುರ್ಚಿಯಲ್ಲಿ ಕೂತು ಒಮ್ಮೆ ಅವಳ ಮುಖ, ಒಮ್ಮೆ ನನ್ನ ಮುಖ ನೋಡುತ್ತ "ಛತ್ರಿ" ಎಂದ. ಇಬ್ಬರಲ್ಲಿ ಯಾರಿಗೆ ಹೇಳಿದನೋ.

ಕೊನೆಗೆ ಬಾಯಿ ತಪ್ಪಿ ಒಂದು ಮಾತು ಕೊಟ್ಟೆ. ಬೇಸಿಗೆ ಕಾಲಿಡುವ ದಿನದವರೆಗೆ, ಅಂದರೆ ಮೇ ಆರರವರೆಗೆ, ಗಡುವು. ಅವತ್ತು ಅವಳು ಮೂರು ಕಪ್ ಮುಂದಿಡುತ್ತಾಳೆ. ಮೂರರ ಹೆಸರನ್ನೂ ಹೇಳಿದರೆ ಅವಳು ಬಾಯಿ ಮುಚ್ಚಿಕೊಳ್ಳಬೇಕು. ತಪ್ಪಿದರೆ ಬೀಗದ ಕೈ ಅವಳಿಗೆ.

ಅಂಗಡಿಯ ಮೇಲೆ ನನಗೆ ಮೋಹ ಇದೆ ಅಂತಲ್ಲ. ಅವಳ ಕೈಗೆ ಹೋಗಬಾರದು, ಅಷ್ಟೇ.

ಮಾರ್ಚ್ 18

ಮೂವತ್ತನಾಲ್ಕು ವರ್ಷ ಅಡುಗೆಮನೆಯ ಗೋಡೆಯಾಚೆ ಇವನು ಗಿರಾಕಿಗಳಿಗೆ ಪಾಠ ಹೇಳುವುದನ್ನು ಕೇಳಿದ್ದೇನೆ. ಬೇಡ ಬೇಡ ಎಂದರೂ ಕಿವಿಗೆ ಬಿದ್ದದ್ದು ಅಲ್ಲೇ ಉಳಿದಿದೆ. ಗಿಡ ಒಂದೇ, ಎಲೆ ಒಂದೇ. ಕಿತ್ತ ಕೂಡಲೇ ಬಾಣಲೆಗೆ ಹಾಕಿ ಹುರಿದರೆ ಹಸಿರು ಚಹಾ. ಏನೂ ಮಾಡದೆ ಒಣಗಲು ಬಿಟ್ಟರೆ ಬಿಳಿ. ಹುರಿದು ಬಿಸಿಯಿರುವಾಗಲೇ ಸುತ್ತಿಟ್ಟು ಬೆವರಿಸಿದರೆ ಹಳದಿ. ಕುಲುಕಿ ಕುಲುಕಿ, ಅಂಚು ಕೆಂಪಾಗುತ್ತಲೇ ತಡೆದರೆ ಊಲಾಂಗ್. ತಡೆಯದೆ ಪೂರ್ತಿ ಬಿಟ್ಟರೆ ಕೆಂಪು. ರಾಶಿ ಹಾಕಿ ವರ್ಷಗಟ್ಟಲೆ ಮಾಗಿಸಿದರೆ ಕರಿ. ಒಟ್ಟಿನಲ್ಲಿ ಒಂದು ಎಲೆಯನ್ನು ನೆಮ್ಮದಿಯಾಗಿ ಇರಗೊಡದಿರಲು ನಮ್ಮ ಜನ ಆರು ದಾರಿ ಕಂಡುಹಿಡಿದಿದ್ದಾರೆ.

ಆರು ದಾರಿ ಎಂದರೆ ಆರು ರೂಟು. ಅದು ನನಗೆ ಗೊತ್ತಿರುವ ಕೆಲಸ. ಕಪಾಟಿಗೆ ಸೀಮೆಸುಣ್ಣದಲ್ಲಿ ಒಂದರಿಂದ ಆರು ಬರೆದೆ. ಇನ್ನು ಪ್ರತಿ ಡಬ್ಬಿಯನ್ನೂ ಅದರ ಬಸ್ಸಿಗೆ ಹತ್ತಿಸಬೇಕು.

ಮಾರ್ಚ್ 20

ಒಂದೊಂದೇ ಡಬ್ಬಿಯ ಎಲೆಯನ್ನು ನೆನೆಸಿ ಮುದುಕನ ಮುಂದಿಟ್ಟೆ. ಮೂಸಿದ, ಕುಡಿದ, ಕಣ್ಣರಳಿಸಿ "ಛತ್ರಿ!" ಎಂದ. ಎರಡನೆಯದಕ್ಕೂ ಛತ್ರಿ. ಐದನೆಯದರ ಹೊತ್ತಿಗೆ ನನ್ನ ತಾಳ್ಮೆ ಮುಗಿದಿತ್ತು.

"ಬಾಯಲ್ಲಿ ಆಗದಿದ್ರೆ ಕೈಯಲ್ಲಿ ಹೇಳು! ಎಡಗೈ ಇಲ್ವಾ?"

ಈ ಬೀದಿಯಲ್ಲಿ ಇವನು ಹಲ್ಲು ಕಾಣುವಂತೆ ನಕ್ಕದ್ದನ್ನು ಕಂಡವರಿಲ್ಲ. ಮದುವೆಯ ಫೋಟೋದಲ್ಲೂ ಇವನದು ತೆರಿಗೆ ಕಟ್ಟಲು ಬಂದವನ ಮುಖ. ಅಂಥವನು ನಿಧಾನವಾಗಿ ಎಡಗೈ ಎತ್ತಿ, ಕಂಕುಳು ಕೆರೆದುಕೊಂಡು, ತುಟಿ ಮುಂದೆ ಚಾಚಿ ಕೋತಿಯ ಹಾಗೆ ನೋಡಿದ.

ನನ್ನ ಕೈಯಿಂದ ಕಪ್ ಜಾರಿ ಬಿತ್ತು. ಹೆಸರಲ್ಲೇ ಕೋತಿ ಇರುವ ಚಹಾ ಒಂದೇ, ತಾಯ್‌ಪಿಂಗ್‌ನ ಹೌಕ್ವೇ! "ಹೌಕ್ವೇನಾ?" ಎಂದೆ. ತಲೆ ಆಡಿಸಿದ. ಕಣ್ಣಲ್ಲಿ ನೀರಿತ್ತು. ಬಿಸಿ ಚಹಾ ಅವನ ಕಾಲ ಮೇಲೆ ಚೆಲ್ಲಿದ್ದರಿಂದ ಇರಬೇಕು.

ಮಾರ್ಚ್ 24

ಹದಿನೇಳು ಡಬ್ಬಿ ಬಸ್ ಹತ್ತಿದವು.

ಕೈ ಜೋಡಿಸಿ ಕರುಣಾದೇವಿಯ ಹಾಗೆ ಕಣ್ಣು ಮುಚ್ಚಿದರೆ ತಿಯೆಗ್ವಾನ್‌ಯಿನ್. ಕೈ ಒಂದೇ ಏಳುವುದರಿಂದ ಅರ್ಧ ದೇವಿ. ನನ್ನ ಕೆಂಪು ಕೋಟು ಹಿಡಿದು ಜಗ್ಗಿದರೆ ದಾಹೊಂಗ್‌ಪಾವ್, ದೊಡ್ಡ ಕೆಂಪು ನಿಲುವಂಗಿ. ಎರಡೂ ನಾಲ್ಕನೇ ರೂಟು. ಬಾವಿಯಿಂದ ನೀರು ಸೇದಿದರೆ ಲಾಂಗ್‌ಜಿಂಗ್, ಡ್ರ್ಯಾಗನ್ ಬಾವಿ. ಬೆರಳನ್ನು ಬಸವನಹುಳುವಿನ ಹಾಗೆ ಸುತ್ತಿದರೆ ಬಿಲುವೊಚುನ್. ಕಲ್ಲಂಗಡಿ ಬೀಜದ ಸಿಪ್ಪೆ ಉಗಿದರೆ ಗ್ವಾಪಿಯನ್. ನೆಲದ ಮೇಲೆ ನಿಜವಾಗಿಯೂ ಉಗಿದ, ನಾನೇ ಒರೆಸಿದೆ. ತನ್ನ ನರೆಗೂದಲು ಮುಟ್ಟಿ, ನನ್ನ ಹೊಲಿಗೆ ಡಬ್ಬಿಯಿಂದ ಸೂಜಿ ಎತ್ತಿ ತೋರಿಸಿದರೆ ಬೆಳ್ಳಿಸೂಜಿ, ಅದು ಎರಡನೇ ರೂಟು, ಬಿಳಿ.

ಮಲ್ಲಿಗೆ ಚಹಾ ಯಾವ ರೂಟು ಎಂದು ಕೇಳಿದೆ. ಹಸಿರಿನ ಕಡೆ ತೋರಿಸಿ, ಮೂಗು ಮುರಿದು ಕೈ ಬೀಸಿದ. ಒಳ್ಳೇ ಮನೆಯ ಹಸಿರು, ಹೂವಿನ ಸಹವಾಸದಿಂದ ಕೆಟ್ಟಿತು ಎಂದು ಅರ್ಥ. ಇಷ್ಟು ವರ್ಷ ಇಂಥ ಚಾಡಿಯನ್ನೆಲ್ಲ ಗಿರಾಕಿಗಳಿಗೆ ಮಾತ್ರ ಹೇಳುತ್ತಿದ್ದ.

ನಗು ಕೇಳಿ ಹು ಬಂದರು. "ಏನಕ್ಕಾ, ನಿಮ್ಮ ಮನೇಲಿ ಯಾರೋ ಹೊಸಬರು ಬಂದ ಹಾಗಿದೆ?"

ಛತ್ರಿ ಎಷ್ಟು ಸಲ ಎಂದು ಎಣಿಸಲು ಮರೆತೆ.

ಏಪ್ರಿಲ್ 2

ಹೊಸ ಮಾವ್‌ಫೆಂಗ್ ಹಸಿರು ಚಹಾ ಇಳಿಯಿತು. ಹ್ವಾಂಗ್‌ಶಾನ್ ಬೆಟ್ಟದಿಂದ ಗಡ್ಡದ ಲೂ ಎಂಬವನು ಎರಡು ಬುಟ್ಟಿ ತಂದು, ಈ ವಸಂತದ ಮೊದಲ ಚಿಗುರು ಎಂದು ಆಣೆ ಇಟ್ಟು ಕೊಟ್ಟು ಹೋದ. ನಾನು ಪೆದ್ದಿ, ಮೇಲಿನ ಹಿಡಿ ನೋಡಿ ಇಳಿಸಿಕೊಂಡೆ. ಮುದುಕ ನಿದ್ದೆಯಿಂದೆದ್ದು ಬುಟ್ಟಿಯ ತಳಕ್ಕೆ ಕೈ ಹಾಕಿ ಮೂಸಿದವನೇ "ಛತ್ರಿ! ಛತ್ರಿ! ಛತ್ರಿ!" ಎಂದು ಕೂಗಿದ. ಈ ಸಲ ಆ ಮಾತು ಲೂಗೆ ಸರಿಯಾಗಿ ಒಪ್ಪುತ್ತಿತ್ತು. ಮೇಲೆ ಹೊಸದು, ಕೆಳಗೆ ಹೋದ ವರ್ಷದ್ದು.

ಏಪ್ರಿಲ್ 3

ಬುಟ್ಟಿಗಳನ್ನು ಹೊತ್ತು ಬೆಳಗಿನ ಮೊದಲ ಬಸ್ಸಿಗೆ ಹೋದೆ. ಡ್ರೈವರ್ ನನ್ನ ಕಾಲದವನೇ, ಲೂನ ಮನೆ ಬಾಗಿಲಲ್ಲೇ ನಿಲ್ಲಿಸಿ ಹಾರ್ನ್ ಹೊಡೆದ.

"ನಮ್ಮ ಯಜಮಾನರಿಗೆ ಮಾತು ಹೋಗಿದೆ ಅಂತ ಕೇಳಿದ್ದೀಯ. ಮೂಗು ಹೋಗಿಲ್ಲ ಕಣಯ್ಯ!" ಎಂದೆ, ಓಣಿಗೆಲ್ಲ ಕೇಳುವ ಹಾಗೆ. ಇಪ್ಪತ್ತೆಂಟು ವರ್ಷ "ಒಳಗೆ ಸರೀರಿ" ಎಂದು ಕೂಗಿದ ಗಂಟಲು ಇದು. ಸುತ್ತಲ ಮನೆಯ ಕಿಟಕಿಗಳು ತೆರೆದುಕೊಂಡವು.

ಲೂ ಗಡ್ಡ ಕೆರೆಯುತ್ತ ಬೇರೆ ಬುಟ್ಟಿ ತಂದ. ನಾನು ತಳದಿಂದ ಒಂದು ಹಿಡಿ ತೆಗೆದು ಮುಖಕ್ಕೆ ಹಿಡಿದೆ. ಹಳೆಯದರಲ್ಲಿ ಬೀರುವಿನಲ್ಲಿಟ್ಟ ಬಟ್ಟೆಯ ವಾಸನೆ ಇತ್ತು. ಇದರಲ್ಲಿ ಆಗತಾನೆ ಸುಲಿದ ಬಟಾಣಿಯದು, ಹಿಂದೆಯೇ ಒಂದು ಚೂರು ಹೂವಿನದು. ಮೂಗಿದ್ದವರಿಗೆ ಯಾರಿಗಾದರೂ ತಿಳಿಯುತ್ತದೆ, ಇದರಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ.

ಏಪ್ರಿಲ್ 5

ಹಿರಿಯರ ಸಮಾಧಿ ಗುಡಿಸುವ ದಿನ. ಮುದುಕನಿಗೆ ಬೆಟ್ಟ ಹತ್ತಲಾಗದು. ಲಿಂಗ್‌ಹುವಾಳೂ ನಾನೂ ಮಾತಿಲ್ಲದೆ ಹೋದೆವು. ನಾನು ಹುಲ್ಲು ಕಿತ್ತೆ. ಅವಳು ಅಪ್ಪನ ಮುಂದೆ ಮೂರು ಕಪ್ ಇಟ್ಟು, ಫ್ಲಾಸ್ಕಿನಿಂದ ಚೀಮನ್ ಸುರಿದಳು. ಜೇನಿನ ಹಾಗೆ, ಒಣಗಿದ ಗುಲಾಬಿಯ ಹಾಗೆ ಒಂದು ಘಮ ಬಂತು.

"ಅಪ್ಪ ಹದಿನಾರು ಕಪ್ ಇಡ್ತಿದ್ರು ಅತ್ತಿಗೆ," ಎಂದಳು ಇದ್ದಕ್ಕಿದ್ದ ಹಾಗೆ. "ಕಣ್ಣಿಗೆ ಬಟ್ಟೆ ಕಟ್ಟಿ. ನಾನು ಹದಿನಾರನ್ನೂ ಹೇಳ್ತಿದ್ದೆ. ಅಣ್ಣ ಒಂಬತ್ತಕ್ಕೇ ನಿಲ್ತಿದ್ದ. ಆಮೇಲೆ ಅಣ್ಣನಿಗೆ ಅಂಗಡಿ ಕೊಟ್ರು, ನನಗೆ ಮದುವೇಲಿ ಎರಡು ರೇಷ್ಮೆ ರಜಾಯಿ ಕೊಟ್ರು."

"ಅವನು ಯಾವತ್ತೂ ಹೇಳ್ಲಿಲ್ಲ."

"ಯಾಕೆ ಹೇಳ್ತಾನೆ? ಎರಡು ವರ್ಷ ಸಂಜೆ ಹೊತ್ತು ಕೂತು ಅವನಿಗೆ ಉಳಿದ ಏಳು ಕಲಿಸಿದ್ದೇ ನಾನು."

ನನಗೆ ಅವಳ ಮೇಲೆ ಕನಿಕರವೇನೂ ಬರಲಿಲ್ಲ. ಎಡೆಗೆ ತಂದಿದ್ದ ಹಸಿರು ಕಡುಬು ಮುರಿದಾಗ ದೊಡ್ಡ ಅರ್ಧ ಅವಳ ಕಡೆ ಹೋಯಿತು, ಅದು ಮುರಿದದ್ದೇ ಹಾಗೆ.

ಏಪ್ರಿಲ್ 10

ಮೂವತ್ತೊಂದೂ ಹತ್ತಿದವು. ಹಸಿರು ಹನ್ನೊಂದು, ಬಿಳಿ ಮೂರು, ಹಳದಿ ಎರಡು, ಊಲಾಂಗ್ ಆರು, ಕೆಂಪು ಐದು, ಕರಿ ನಾಲ್ಕು. ಹಳದಿಯಲ್ಲಿ ಒಂದು ಸರೋವರದ ನಡುವಿನ ದ್ವೀಪದ್ದು. ಗಾಜಿನ ಲೋಟಕ್ಕೆ ಹಾಕಿದರೆ ಮೊಗ್ಗುಗಳು ಸೂಜಿಗಳ ಹಾಗೆ ನೆಟ್ಟಗೆ ನಿಂತು, ಮೇಲೆ ಹೋಗಿ ಕೆಳಗೆ ಬರುತ್ತವೆ. ಅರ್ಧ ಗಂಟೆ ನೋಡುತ್ತ ನಿಂತಿದ್ದೆ, ಒಲೆಯ ಮೇಲಿದ್ದ ಅನ್ನ ಸೀದಿತು. ಇನ್ನೊಂದು ನಮ್ಮ ಕಡೆಯ ಹ್ವೋಶಾನ್‌ನ ಹ್ವಾಂಗ್‌ಯಾ, ಅಂದರೆ ಹಳದಿ ಮೊಗ್ಗು. ಅದರ ಬಗ್ಗೆ ಮುದುಕ ಸಂಜ್ಞೆ ಮಾಡಿದ್ದು ನನಗೆ ಪೂರ್ತಿ ತಿಳಿಯಲಿಲ್ಲ. ಅವನಿಗೂ ದಣಿವಾಗಿತ್ತು. ಬಣ್ಣ ಹಳದಿ ಇತ್ತು, ಹಳದಿಗೆ ಸೇರಿಸಿದೆ.

ಪ್ರವಾಸಿಯೊಬ್ಬ ಮಾವ್‌ಫೆಂಗ್ ಕೊಂಡು, ಕುದಿಯುವ ನೀರು ಸುರಿಯಲು ಹೋದ. ಕೈ ಹಿಡಿದು ತಡೆದೆ. "ಎಳೇ ಎಲೆ ಕಣಪ್ಪಾ, ಬೇಯಿಸಿ ಸಾರು ಮಾಡ್ತೀಯಾ? ಸ್ವಲ್ಪ ಆರಲಿ." ಆಮೇಲೆ ಕಹಿ ಎಂದು ದೂರು ತರಬಾರದಲ್ಲ, ಅದಕ್ಕೆ ಹೇಳಿದೆ.

ಏಪ್ರಿಲ್ 13

ಈಗೀಗ ಜನ ಮುದುಕನ ಆಟ ನೋಡಲೆಂದೇ ಬರುತ್ತಾರೆ. "ಹೌಕ್ವೇ ಇದೆಯಾ?" ಎಂದು ಕೇಳಿ ನಗುತ್ತ ನಿಲ್ಲುತ್ತಾರೆ. ವ್ಯಾಪಾರ ಚೆನ್ನಾಗಿದೆ.

ಏಪ್ರಿಲ್ 15

ಇವತ್ತು ಪ್ರವಾಸಿಗಳ ದೊಡ್ಡ ಗುಂಪು. ಅವರಲ್ಲೊಬ್ಬ ಫೋನ್ ಎತ್ತಿ ಹಿಡಿದು, "ತಾತಾ, ಕೋತಿ ಮಾಡಿ ತಾತಾ! ಇನ್ನೊಂದ್ಸಲ!" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಮುದುಕ ನನ್ನ ಕಡೆ ನೋಡಿದ. "ಮಾಡು, ಅದಕ್ಕೇನು," ಎಂದೆ ನಾನು.

ಅವನು ಕೋಲು ತೆಗೆದುಕೊಂಡು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ.

ಏಪ್ರಿಲ್ 16

ಊಟ ಬೇಡ. ಚಹಾ ಬೇಡ. ಛತ್ರಿ ಕೂಡ ಇಲ್ಲ.

ಏಪ್ರಿಲ್ 17

ಇಲ್ಲ.

ಏಪ್ರಿಲ್ 18

ಬೆಳ್ಳಿಸೂಜಿ ಇಟ್ಟೆ. ತಿಯೆಗ್ವಾನ್‌ಯಿನ್ ಇಟ್ಟೆ. ಎರಡೂ ಆರಿದವು. ಕೋತಿ ಮಾಡು ಎಂದದ್ದು ಆ ಪ್ರವಾಸಿಗಳು, ಅವರ ಮೇಲೆ ನನಗೆ ಬಹಳ ಸಿಟ್ಟಿದೆ.

ಏಪ್ರಿಲ್ 19

ನಾನೇ ಮಾಡು ಎಂದೆ. ಅವರು ಸಾವಿರ ಹೇಳಲಿ, ಅವನು ನೋಡಿದ್ದು ನನ್ನ ಮುಖವನ್ನು.

ಸಂಜೆ ಲಿಂಗ್‌ಹುವಾಳ ಟೈಲ್ಸ್ ಅಂಗಡಿಗೆ ಹೋದೆ. ಬೇಸಿನ್‌ಗಳ ನಡುವೆ ನಿಂತು ಹೇಳಿದೆ, "ನಿನ್ನಣ್ಣ ನಾಲ್ಕು ದಿನದಿಂದ ಕಪ್ ಮುಟ್ಟಿಲ್ಲ. ನನ್ನ ಕೈಲಾಗ್ತಿಲ್ಲ ಕಣೇ."

ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಏಪ್ರನ್ ಬಿಚ್ಚಿ, "ಹೊಸ ಹೌಕ್ವೇ ಬಂತಾ?" ಎಂದಳು.

"ನಾಳೆ ಬರುತ್ತೆ."

"ಒಂದು ದೊಡ್ಡ ಕತ್ತರಿ ತೆಗೆದಿಡಿ."

ಏಪ್ರಿಲ್ 20

ಮಧ್ಯಾಹ್ನ ಬೆಳೆಗಾರ ಶಿಯಾಂಗ್ ಹೌಕ್ವೇ ತಂದ. ನೋಡಿದ್ದೇ ಕೈ ತೊಳೆದುಕೊಂಡು ಬಂದು ಮುಟ್ಟಿದೆ. ಒಂದೊಂದು ಎಲೆಯೂ ಬೆರಳಿಗಿಂತ ಉದ್ದ, ಚಪ್ಪಟೆ, ನಡುವೆ ಕೆಂಪು ನರ. ಉದ್ದ ಗಾಜಿನ ಲೋಟದಲ್ಲಿ ನಿಲ್ಲಿಸಿ ನೀರು ಹಾಕಬೇಕು, ಆಗ ನೀರಿನ ಗಿಡದ ಹಾಗೆ ಮೆಲ್ಲಗೆ ಓಲಾಡುತ್ತವೆ.

ಲಿಂಗ್‌ಹುವಾ ಅದನ್ನೆತ್ತಿಕೊಂಡು ಅಣ್ಣನ ಮಂಚದ ಪಕ್ಕ ಕೂತಳು. ಎದುರಿಗೆ ಒಂದು ಪುಟ್ಟ ಮುಚ್ಚಳದ ಕಪ್.

"ಅತ್ತಿಗೆ, ಈ ಎಲೆ ಈ ಕಪ್‌ನಲ್ಲಿ ಹಿಡಿಸಲ್ವಲ್ಲ?"

"ಹಿಡಿಸಲ್ಲ."

"ಹಾಗಾದ್ರೆ ತುಂಡು ಮಾಡೋಣ. ನಾಳೆಯಿಂದ ಎಲ್ಲಾ ಹೌಕ್ವೇನೂ ಹೀಗೇ ಮಾರಿ. ಅನುಕೂಲ."

ಕತ್ತರಿ ಕರಕರ ಎಂದಿತು. ಗೋಡೆಯ ಕಡೆಗಿದ್ದ ಬೆನ್ನು ಅಲುಗಿತು. ಎರಡನೇ ಎಲೆ ಕತ್ತರಿಸಿದಳು. ಮೂರನೇ ಎಲೆಗೆ ಕತ್ತರಿ ಇಟ್ಟಳು, ಅಷ್ಟೇ, ಅವನು ಮೈಯೆಲ್ಲ ತಿರುಗಿಸಿ ಎದ್ದು ಕೂತು, ತಂಗಿಯ ಕೈಯಿಂದ ಕತ್ತರಿ ಕಿತ್ತು, ಮನೆ ನಡುಗುವ ಹಾಗೆ ಕೂಗಿದ:

"ಕತ್ತೆ!"

ಆಮೇಲೆ ಲಿಂಗ್‌ಹುವಾ ನೆಲದ ಮೇಲೆ ಕುಸಿದು ನಕ್ಕಳು, ಅತ್ತಳು, ಎರಡೂ ಒಟ್ಟಿಗೆ. "ಇನ್ನೊಂದ್ಸಲ ಬೈಯಣ್ಣಾ, ಇನ್ನೊಂದೇ ಸಲ!" ಅವನು ತಾನಂದದ್ದು ತನಗೇ ನಂಬಿಕೆಯಾಗದೆ ಮೆಲ್ಲಗೆ, "ಕತ್ತೆ... ಕತ್ತೆ..." ಎಂದು ಬಾಯಲ್ಲಿ ಹೊರಳಿಸಿ ನೋಡಿದ, ಹೊಸ ಚಹಾ ಸವಿಯುವವನ ಹಾಗೆ.

ಅವನ ಹತ್ತಿರ ಕ್ಷಮೆ ಕೇಳಿದೆ. "ಛತ್ರಿ," ಎಂದು ನನ್ನ ತಲೆ ಸವರಿದ. ಈ ಛತ್ರಿಗೆ ಏನರ್ಥ ಎಂದು ಬರೆಯುವುದಿಲ್ಲ.

ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಬೈಗುಳ ಹಾಗೆಯೇ ಮೊದಲು ಬರುವುದುಂಟಂತೆ, ಒಳ್ಳೇ ಲಕ್ಷಣವಂತೆ.

ಏಪ್ರಿಲ್ 28

ಹೊಸ ಮಾತುಗಳು: ನೀರು, ಬಾ, ಹಾಳಾಗ್ಹೋಗು.

ನನ್ನ ಮುದುಕ ಶೌತಿಯನ್ ಈಗ ಅಂಗಡಿಯಲ್ಲಿ ಕೂರುತ್ತಾನೆ. ಸಂಜ್ಞೆಗಳನ್ನು ನನಗೆ ಮಾತ್ರ ಮಾಡುತ್ತಾನೆ, ಅದೂ ಗಿರಾಕಿಗಳ ಬೆನ್ನ ಹಿಂದೆ. ಇವತ್ತು ಒಬ್ಬ ದೊಡ್ಡ ಪಂಡಿತನ ಹಾಗೆ ಜಂಬ ಹೊಡೆಯುತ್ತ ಪೂ-ಅರ್ ಕರಿ ಚಹಾದ ಬಿಲ್ಲೆಯನ್ನು ಮೂಸಿ, "ಮೂವತ್ತು ವರ್ಷದ್ದು" ಎಂದ. ಶೌತಿಯನ್ ಅವನ ಹಿಂದಿನಿಂದ ಮೂರು ಬೆರಳು ತೋರಿಸಿ, ಅಳುವ ಕೂಸನ್ನು ತೊಟ್ಟಿಲಲ್ಲಿ ತೂಗಿದ. ನಾನು ನಗು ತಡೆಯಲು ಕೌಂಟರಿನ ಕೆಳಗೆ ಬಗ್ಗಬೇಕಾಯಿತು.

ಬೆಳಗ್ಗೆ ಎರಡು ಲೋಟ ಗ್ವಾಪಿಯನ್ ಕುಡಿದೆ. ಡಬ್ಬಿಗೆ ತೇವ ಹಿಡಿದಿದೆಯೇ ಎಂದು ನೋಡಬೇಕಿತ್ತು. ನಿನ್ನೆಯೂ ನೋಡಿದ್ದೆ.

ಮೇ 6

ಬೆಳಗ್ಗೆ ಹು ದೊಡ್ಡ ತಕ್ಕಡಿಕೋಲು ತಂದು ಓಣಿಯವರನ್ನೆಲ್ಲ ತೂಗಿದರು. ಬೇಸಿಗೆ ಕಾಲಿಡುವ ದಿನ ತೂಗಿಸಿಕೊಂಡರೆ ಸೆಕೆಗೆ ಮೈ ಬಾಡುವುದಿಲ್ಲವಂತೆ. ಶೌತಿಯನ್ ಎರಡು ಕಿಲೋ ಹೆಚ್ಚಾಗಿದ್ದಾನೆ. ನಾನು ಎಷ್ಟು ಎನ್ನುವುದನ್ನು ಹು ಕೂಗಿ ಹೇಳಿದರು, ಇಲ್ಲಿ ಬರೆಯುವ ಅಗತ್ಯವಿಲ್ಲ.

ಹತ್ತು ಗಂಟೆಗೆ ಲಿಂಗ್‌ಹುವಾ ಬಂದಳು. ರೂಟುಗಳ ಕಡೆ ನೋಡಿ ತುಟಿ ಕೊಂಕಿಸಿದಳು. ನನ್ನನ್ನು ಹೊರಗೆ ಕಳಿಸಿ, ತಾನೇ ಮೂರು ಡಬ್ಬಿ ಆರಿಸಿ, ಎಲೆ ಸೋಸಿ, ಮೂರು ಬಿಳಿ ಕಪ್ ಸಾಲಾಗಿಟ್ಟಳು.

ಬ್ರೇಕ್ ಹೋದ ಬಸ್ಸಿನಲ್ಲೂ ನಾನು ಇಷ್ಟು ಹೆದರಿರಲಿಲ್ಲ.

ಮೊದಲನೆಯದು ಸುಲಭ. "ಚೀಮನ್. ಐದನೇ ರೂಟು."

ಎರಡನೆಯದು ಸುಟ್ಟ ಕಲ್ಲಿನ ಮೇಲೆ ಮಳೆ ಬಿದ್ದ ಹಾಗಿತ್ತು. "ದಾಹೊಂಗ್‌ಪಾವ್."

ಲಿಂಗ್‌ಹುವಾಳ ಹುಬ್ಬು ಮೇಲೇರಿತು.

ಮೂರನೆಯದು ತೆಳು ಹಳದಿ, ಮೆತ್ತಗೆ, ಸ್ವಲ್ಪ ಸಿಹಿ. ಎರಡು ಸಲ ಕುಡಿದು ಹೇಳಿದೆ, "ಹ್ವೋಶಾನ್ ಹ್ವಾಂಗ್‌ಯಾ. ಮೂರನೇ ರೂಟು."

"ಅಲ್ಲ," ಎಂದಳು.

"ಆ ಡಬ್ಬಿಯಿಂದ ತಾನೇ ತೆಗೆದಿದ್ದು ನೀನು?"

"ಡಬ್ಬಿ ನಿಮ್ಮದು ಅತ್ತಿಗೆ, ಮೂಗು ನನ್ನದು. ಇದು ಮಾವ್‌ಫೆಂಗ್. ಎರಡು ವರ್ಷ ಇಟ್ಟು ಹಳದಿ ತಿರುಗಿದ್ದು. ನೀವು ತಪ್ಪು ಬಸ್ಸಿಗೆ ಹತ್ತಿಸಿದ್ದೀರಿ."

"ಹ್ವಾಂಗ್‌ಯಾ!"

"ಮಾವ್‌ಫೆಂಗ್!"

ಇಬ್ಬರೂ ಒಟ್ಟಿಗೆ ಶೌತಿಯನ್ ಕಡೆ ತಿರುಗಿದೆವು. ಲಿಂಗ್‌ಹುವಾ ಕಪ್ಪನ್ನು ಅವನ ಕೈಗೇ ಕೊಟ್ಟಳು. "ನೀನೇ ಹೇಳಣ್ಣಾ. ಚಹಾದ ವಿಷಯದಲ್ಲಿ ನೀನು ಯಾವತ್ತೂ ಸುಳ್ಳಾಡಿದವನಲ್ಲ."

ಅದು ನಿಜ. ಒಮ್ಮೆ ಮೇಯರ್‌ನ ಕಡೆಯವರು ತಂದ ಉಡುಗೊರೆ ಚಹಾವನ್ನು ಅವರ ಮುಂದೆಯೇ ಕಳಪೆ ಎಂದು, ಮೂರು ತಿಂಗಳು ಆ ಕಡೆಯ ಗಿರಾಕಿಗಳನ್ನೆಲ್ಲ ಕಳೆದುಕೊಂಡವನು ಅವನು.

ಮೂಸಿದ. ಒಂದು ಗುಟುಕು ಕುಡಿದು ಬಾಯಲ್ಲಿ ಹಿಡಿದ. ತಂಗಿಯ ಮುಖ ನೋಡಿದ, ನನ್ನ ಮುಖ ನೋಡಿದ. ಆಮೇಲೆ ಎಡಗೈ ಎತ್ತಿ, ಮೂರು ಎಂದು ನಾನು ಸೀಮೆಸುಣ್ಣದಲ್ಲಿ ಬರೆದಿದ್ದ ಕಡೆಗೆ ತೋರಿಸಿದ.

ಹಳದಿ. ನಾನು ಗೆದ್ದೆ!

ಲಿಂಗ್‌ಹುವಾ ಅಣ್ಣನ ಮುಖ ನೋಡಿ, ಬ್ಯಾಗು ತೆಗೆದುಕೊಂಡು ಹೋದಳು. ಜಗಳ ಆಡುತ್ತಾಳೆ ಎಂದುಕೊಂಡಿದ್ದೆ. ಹು ಅವರಿಗೆ ಬಿಟ್ಟಿ ಚಹಾ ಕುಡಿಸಿದೆ. ಓಣಿಯವರಿಗೆಲ್ಲ ಹೇಳಿ ಬಂದೆ.

ಮೇ 7

ಬೆಳಗ್ಗೆ ಎದ್ದಾಗ ಶೌತಿಯನ್ ಹಾಸಿಗೆಯಲ್ಲಿ ಇರಲಿಲ್ಲ. ಹಿತ್ತಲಲ್ಲಿ ಸದ್ದಾಯಿತು. ಹೋಗಿ ನೋಡಿದರೆ, ಆ ಮೂರನೇ ರೂಟಿನ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಎಡಗೈಯಿಂದ ಹಿಡಿ ಹಿಡಿ ತೆಗೆದು ನನ್ನ ದಾಸವಾಳದ ಕುಂಡಕ್ಕೆ ಗೊಬ್ಬರ ಹಾಕುತ್ತಿದ್ದಾನೆ.

ಒಳ್ಳೇ ಹ್ವಾಂಗ್‌ಯಾ ಆಗಿದ್ದರೆ ಈ ಮನುಷ್ಯ ತನ್ನ ಜೀವ ಹೋದರೂ ಅದನ್ನು ಮಣ್ಣಿಗೆ ಸುರಿಯುತ್ತಿರಲಿಲ್ಲ.

ನನ್ನನ್ನು ಕಂಡು ಹಾಗೆಯೇ ನಿಂತ. ಕೈಯಲ್ಲಿ ಎಲೆ. ನಾನು ಬಾಗಿಲಲ್ಲಿ ನಿಂತೆ. ಕೊನೆಗೆ, "ಬೇರಿಗೆ ಅಷ್ಟು ಹತ್ತಿರ ಹಾಕ್ಬೇಡ, ಕೊಳೆಯುತ್ತೆ," ಎಂದೆ.

ಇಡೀ ದಿನ ಯಾರ ಮೇಲೋ ರೇಗುತ್ತಿದ್ದೆ. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಅನ್ನ ಬಡಿಸುವಾಗ ಅವನಿಗಿಷ್ಟದ ಹುರಿದ ತೋಫು ಎರಡು ಹೆಚ್ಚು ಹಾಕಿದೆ.

ಮೇ 8

ಬೀಗ ಮಾಡುವವನ ಹತ್ತಿರ ಹೋಗಿ ಅಂಗಡಿಗೆ ಇನ್ನೊಂದು ಬೀಗದ ಕೈ ಮಾಡಿಸಿದೆ. ಅದನ್ನು ಒಯ್ದು ಲಿಂಗ್‌ಹುವಾಳ ಕೌಂಟರಿನ ಮೇಲಿಟ್ಟೆ.

"ಅದು ಮಾವ್‌ಫೆಂಗ್," ಎಂದೆ. "ಹಳೇದು. ನೀನೇ ಸರಿ. ನಿನ್ನಣ್ಣ ಸುಳ್ಳು ಹೇಳಿದ."

"ಗೊತ್ತು."

"ಗೊತ್ತಾ?"

"ನಾನು ಕಲಿಸಿದ ಮೂಗು ಅತ್ತಿಗೆ ಅದು. ಅದಕ್ಕೆ ಮಾವ್‌ಫೆಂಗ್ ಗೊತ್ತಾಗಲ್ವಾ?"

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

ಅವಳು ಒಂದು ಟೈಲ್ಸ್ ತೆಗೆದು ಬಟ್ಟೆಯಲ್ಲಿ ಒರೆಸಿದಳು, ಅದು ಮೊದಲೇ ಹೊಳೆಯುತ್ತಿತ್ತು. "ನಮ್ಮಪ್ಪ ಅಂಗಡೀನ ಬರೆದುಕೊಟ್ಟಾಗ ಅಣ್ಣ ಪಕ್ಕದಲ್ಲೇ ನಿಂತಿದ್ದ. ಒಂದು ಮಾತು ಆಡ್ಲಿಲ್ಲ. ಆವಾಗ ಬಾಯಿ ಚೆನ್ನಾಗೇ ಇತ್ತು. ಇವನು ಯಾರ ಪರ ಆದ್ರೂ ನಿಂತಿದ್ದನ್ನ ನಾನು ನೋಡಿದ್ದು ಮೊನ್ನೆಯೇ ಮೊದಲು. ಅದನ್ನ ಕೆಡಿಸೋಕೆ ಮನಸ್ಸು ಬರ್ಲಿಲ್ಲ."

ನಾನೂ ಒಂದು ಟೈಲ್ಸ್ ತೆಗೆದು ಒರೆಸಿದೆ.

"ನಾಳೆ ಏಳು ಗಂಟೆಗೆ ಬಾ," ಎಂದೆ. "ತಡ ಮಾಡಿದ್ರೆ ನಾನು ಕಾಯಲ್ಲ."

ಮೇ 11

ದಿನಾ ಬರೆಯಲು ಈಗ ಪುರುಸೊತ್ತಿಲ್ಲ. ಲಿಂಗ್‌ಹುವಾ ತನ್ನ ಸ್ವಂತ ಸ್ಟೂಲು, ಸ್ವಂತ ಕಪ್ ತಂದು ಕೂತಿದ್ದಾಳೆ. ಮಾಲು ಕೊಳ್ಳುವುದು ಅವಳು, ಮಾರುವುದು ನಾನು. ಜಗಳ ಇಬ್ಬರದೂ. ಮಲ್ಲಿಗೆ ಚಹಾವನ್ನು ಒಂದನೇ ರೂಟಿನಿಂದ ಇಳಿಸಿ ಪ್ರತ್ಯೇಕ ಇಡಬೇಕಂತೆ. ಇಳಿಸುವುದಿಲ್ಲ ಎಂದೆ, ಟಿಕೆಟ್ ಇದೆ ಎಂದೆ.

ಇವತ್ತು ಶಿಯಾಂಗ್ ಎರಡನೇ ಕೊಯ್ಲಿನ ಹೌಕ್ವೇ ಮಾದರಿ ತಂದಿದ್ದ, ಒಂದೇ ಲೋಟಕ್ಕಾಗುವಷ್ಟು. ಅದು ಬೆಟ್ಟದ ನೆರಳಿನ ಬದಿಯದೆಂದು ನಾನು, ಬಿಸಿಲಿನ ಬದಿಯದೆಂದು ಅವಳು. ನಾನು ನೆರಳಿನ ಎಲೆಯಲ್ಲಿ ಮಾತ್ರ ಇರುವ ತಂಪನ್ನು ವಿವರಿಸುತ್ತಿದ್ದೆ. ಅವಳು ಅಪ್ಪನಿಂದ ಕಲಿತದ್ದನ್ನೆಲ್ಲ ಮೊದಲಿಂದ ಶುರು ಮಾಡಿದ್ದಳು. ಶಿಯಾಂಗ್ ಪಾಪ, ಬಾಗಿಲ ಹತ್ತಿರ ಹ್ಯಾಟು ಹಿಡಿದು ನಿಂತಿದ್ದ. ದನಿ ಏರಿತು, ಹು ರೊಟ್ಟಿ ಬಿಟ್ಟು ನೋಡಲು ಬಂದರು.

"ಕುಡಿದು ನೋಡೋಣ, ಗೊತ್ತಾಗುತ್ತೆ!" ಎಂದು ಇಬ್ಬರೂ ಒಟ್ಟಿಗೆ ಲೋಟಕ್ಕೆ ಕೈ ಚಾಚಿದೆವು.

ಶೌತಿಯನ್ ಖಾಲಿ ಲೋಟವನ್ನು ಮೇಜಿನ ಮೇಲಿಟ್ಟು, ಮೀಸೆ ಒರೆಸಿಕೊಂಡು, ಮೊದಲ ಬಾರಿಗೆ ತಡವರಿಸದೆ ಹೇಳಿದ: "ಚೆನ್ನಾಗಿದೆ."